ಹೆಕ್ಕಿದ ಕಾಫಿಯೂ ನಮ್ಮ ಕಿಡ್ನಿಯೂ

ಕೊಡಗಿನ ಸಿದ್ದಾಪುರದ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಗಿಡದಿಂದ ಕೊಯ್ದ ರೋಬಸ್ಟಾ ಮಾರಾಟಕ್ಕೆ, ಬುಡದಲ್ಲಿ ಉದುರಿದ್ದನ್ನು ಹೆಕ್ಕಿ ಒಣಗಿಸಿದ್ದು ಮನೆ ಖರ್ಚಿಗೆ. ಹಿಂದಿನಿಂದ ಬಂದ ರೂಢಿ. ಒಂದು ವರ್ಷ ಜನವರಿಯಲ್ಲೇ ಮಳೆ ಹಿಡಿಯಿತು. ಕಣದಲ್ಲಿದ್ದ ಹಣ್ಣನ್ನು ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿದೆವು. ಮೂರನೇ ದಿನ ತೆಗೆದರೆ ಬಿಸಿ ಹಬೆ, ಮುಗ್ಗಲು ವಾಸನೆ, ಅಲ್ಲಲ್ಲಿ ಬಿಳಿ ಬೂಷ್ಟು.

"ಬಿಸಿಲಿಗೆ ಹಾಕಿದ್ರೆ ಹೋಗುತ್ತೆ, ಹೆಂಗೂ ಹುರೀತೀವಲ್ಲ" ಅಂದರು ಅಮ್ಮ.

ಬೂಷ್ಟೇನೋ ಹೋಯಿತು. ಆದರೆ ಕೆಲವು ಬಗೆಯ ಬೂಷ್ಟು ತಾನು ಸತ್ತ ಮೇಲೂ ಒಂದು ವಿಷ ಬಿಟ್ಟು ಹೋಗುತ್ತದೆ. ಅದರ ಹೆಸರು ಓಕ್ರಾಟಾಕ್ಸಿನ್ ಎ. 1965ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಇದನ್ನು ಮೊದಲು ಬೇರ್ಪಡಿಸಿದರು. ಹುರಿದಾಗ ಒಂದಷ್ಟು ನಾಶವಾಗುತ್ತದೆ, ಪೂರ್ತಿ ಅಲ್ಲ.

ಈ ವಿಷ ಮುಖ್ಯವಾಗಿ ಹಾಳು ಮಾಡುವುದು ಕಿಡ್ನಿಯನ್ನು. ಇದಕ್ಕೆ ಕಿಡ್ನಿಯೇ ಯಾಕೆ ಬೇಕು? ಕಿಡ್ನಿಯ ಜರಡಿ ರಕ್ತವನ್ನು ಸೋಸುವಾಗ ಪ್ರೋಟೀನನ್ನು ಆಚೆ ಬಿಡುವುದಿಲ್ಲ. ಈ ವಿಷ ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ಕೂರುತ್ತದೆ, ಹಾಗಾಗಿ ಒಳಗೇ ಉಳಿಯುತ್ತದೆ. ಜರಡಿಯಾಚೆ ಇರುವ ಸಣ್ಣ ನಾಳಗಳ ಕೋಶಗಳಿಗೆ ರಕ್ತದಿಂದ ಕಸ ಎಳೆದು ಮೂತ್ರಕ್ಕೆ ಹಾಕುವ ಕೆಲಸ. ಅವು ಇದನ್ನೂ ಕಸ ಅಂತಲೇ ಒಳಗೆ ಎಳೆದುಕೊಳ್ಳುತ್ತವೆ. ಮೂತ್ರಕ್ಕೆ ಬಿದ್ದದ್ದರಲ್ಲೂ ಸ್ವಲ್ಪ ವಾಪಸ್ ಬರುತ್ತದೆ. ಕಸ ಹೊರುವವರ ಮೈಗೇ ಕಸ ಮೆತ್ತಿಕೊಂಡ ಹಾಗೆ. ಕಾಫಿಯಲ್ಲಿನ ಕೆಫೀನ್ ನಮ್ಮ ರಕ್ತದಲ್ಲಿ ಐದಾರು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಈ ವಿಷ ಅರ್ಧಕ್ಕಿಳಿಯಲು ಬೇಕಾಗುವುದು ಸುಮಾರು 35 ದಿನ!

ಡೆನ್ಮಾರ್ಕಿನ ಹಂದಿಗಳಲ್ಲಿ ಇದರ ಹಾವಳಿ ಚೆನ್ನಾಗಿ ದಾಖಲಾಗಿದೆ. ಬೂಷ್ಟು ಹಿಡಿದ ಬಾರ್ಲಿ ತಿಂದವುಗಳ ಕಿಡ್ನಿ ಊದಿಕೊಂಡು ಬಿಳಿಚಿಕೊಳ್ಳುತ್ತಿತ್ತು. ಕೆಟ್ಟ ಧಾನ್ಯವನ್ನು ಸುಮ್ನೆ ಹಂದಿಗೆ ಸುರಿಯುವ ಅಭ್ಯಾಸ ನಮ್ಮಲ್ಲೂ ಇದೆ ಅಲ್ವಾ? ವಿಷದ ಒಂದು ಪಾಲು ಮಾಂಸದಲ್ಲೂ ಉಳಿಯುತ್ತದೆ. ಪಂದಿ ಕರಿ ಮಾಡುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಹೆದರಿ ಲೋಟ ಕೆಳಗಿಡಬೇಕಾಗಿಲ್ಲ. ಕಾಫಿಯಿಂದಲೇ ಮನುಷ್ಯರ ಕಿಡ್ನಿ ಕೆಟ್ಟಿತು ಅಂತ ಸಾಬೀತಾಗಿಲ್ಲ. ಆದರೂ ಯುರೋಪಿನವರು 2023ರಿಂದ ಹುರಿದ ಕಾಫಿಗೆ ಕಿಲೋಗೆ 3 ಮೈಕ್ರೋಗ್ರಾಂ ಮಿತಿ ಹಾಕಿದ್ದಾರೆ. ಅಂದರೆ ಒಂದು ಟನ್ ಕಾಫಿಯಲ್ಲಿ 3 ಮಿಲಿಗ್ರಾಂ. ಅಲ್ಲಿ ಮಾರುವ ಹುರಿದ ಕಾಫಿಗೆ ಇಷ್ಟು ಬಿಗಿ. ನಮ್ಮ ಬೆಲ್ಲದ ಕಾಫಿಗೆ ಬೀಳುವ ಹೆಕ್ಕಿದ ಕಾಫಿಯನ್ನು ಯಾರೂ ಅಳೆಯುವುದಿಲ್ಲ. ಮಣ್ಣಿಗೆ ತಾಗಿ ಬಿದ್ದಿದ್ದಕ್ಕೇ ಬೂಷ್ಟು ಬೇಗ ಹಿಡಿಯುವುದು.

ಅಪಾಯ ಇರುವುದು ನಡುವಿನ ದಿನಗಳಲ್ಲಿ. ತೀರಾ ಹಸಿ ಹಣ್ಣಿನಲ್ಲಿ ಯೀಸ್ಟ್, ಬ್ಯಾಕ್ಟೀರಿಯಾಗಳದ್ದೇ ಕಾರುಬಾರು, ಈ ಬೂಷ್ಟಿಗೆ ಜಾಗ ಸಿಗುವುದಿಲ್ಲ. ಪೂರ್ತಿ ಒಣಗಿದರೆ ಅದಕ್ಕೆ ನೀರು ಸಾಲದು. ಅರ್ಧ ಒಣಗಿದ ಹಂತವನ್ನು ಆದಷ್ಟು ಬೇಗ ದಾಟಿಸಬೇಕು. ತೆಳ್ಳಗೆ ಹರಡಬೇಕು, ದಿನಕ್ಕೆ ನಾಲ್ಕಾರು ಸಲ ಕೈಯಾಡಿಸಬೇಕು. ಸಂಜೆ ಇಬ್ಬನಿ ಬೀಳುವ ಮೊದಲು ಮುಚ್ಚಿದರೆ, ಬೆಳಿಗ್ಗೆ ಬಿಸಿಲು ಬಂದ ಕೂಡಲೇ ತೆಗೆಯಬೇಕು. ತೇವ ಸುಮಾರು 11 ಶೇಕಡಾಕ್ಕೆ ಇಳಿದ ಮೇಲೇ ಮೂಟೆ ಕಟ್ಟಬೇಕು. ಕಟ್ಟಿದ್ದನ್ನು ಬರೀ ನೆಲದ ಮೇಲಿಡದೆ ಹಲಗೆ ಮೇಲಿಡಬೇಕು.

ಈ ಸಲ ಅಮ್ಮ ಹೆಕ್ಕಿದ್ದನ್ನು ಸಿಮೆಂಟು ಕಣದ ಒಂದು ಮೂಲೆಯಲ್ಲಿ ಬೇರೆಯಾಗಿ ಹರಡಿದ್ದಾರೆ. ದಿನಾ ಸಂಜೆ ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಬೀಜ ಇನ್ನೂ ಗಲಗಲ ಅನ್ನುತ್ತಿಲ್ಲ.