ಕ್ಲೌಡ್ ಎಂದರೆ ಬ್ಯಾಕಪ್ ಅಲ್ಲ

‘ನಿಮ್ಮ ಲೆಕ್ಕಪತ್ರಗಳೆಲ್ಲ ಕ್ಲೌಡ್‌ನಲ್ಲಿ ಇರುವುದರಿಂದ ಪ್ರತ್ಯೇಕ ಬ್ಯಾಕಪ್‌ನ ಅಗತ್ಯವಿಲ್ಲ.’ ಹಾಸನದ ಕಾಫಿ ವ್ಯಾಪಾರಿಯೊಬ್ಬರಿಗೆ ಬಂದ ಕೊಟೇಶನ್‌ನಲ್ಲಿ ಈ ಸಾಲು ಇತ್ತು. ಚಿಕ್ಕಮಗಳೂರಿನ ಹೋಮ್‌ಸ್ಟೇ ಮಾಲೀಕರು, ತೋಟದ ಲೆಕ್ಕ ಬರೆಯುವ ರೈಟರ್‌ಗಳು, ಆಡಿಟರ್ ಕಚೇರಿಯ ನೌಕರರು ಇದೇ ಮಾತನ್ನು ಆಡುವುದನ್ನು ಎಷ್ಟೋ ಬಾರಿ ಕೇಳಿದ್ದೇನೆ. ಯಾರೂ ಮೋಸ ಮಾಡಲೆಂದು ಹೀಗೆ ಹೇಳುತ್ತಿಲ್ಲ, ನಂಬಿ ಹೇಳುತ್ತಾರೆ. ನಂಬಿಕೆಯೇ ಹೀಗಿದ್ದಾಗ ಕ್ಲೌಡ್ ಸೇವೆಗೆ ಅಮೆಜಾನ್ ಒಳ್ಳೆಯದೋ, ಮೈಕ್ರೋಸಾಫ್ಟ್‌ನ ಅಜೂರ್ ಒಳ್ಳೆಯದೋ, ಗೂಗಲ್ ಒಳ್ಳೆಯದೋ ಎಂಬ ಚರ್ಚೆಯಿಂದ ಯಾವ ಉಪಯೋಗವೂ ಇಲ್ಲ. ಮೊದಲು ಪದದ ಅರ್ಥ ಸರಿಯಾಗಬೇಕು.

ಪದ ಹುಟ್ಟಿದ್ದು ಎಂಜಿನಿಯರುಗಳ ನಕ್ಷೆಯಲ್ಲಿ. ಎರಡು ಊರುಗಳ ಯಂತ್ರಗಳ ನಡುವೆ ಇರುವ ಜಾಲವನ್ನು ತಂತಿ ತಂತಿಯಾಗಿ ಬಿಡಿಸುವ ಅಗತ್ಯವಿಲ್ಲದ ಕಡೆ ಅವರು ಮೋಡದ ಆಕಾರವೊಂದನ್ನು ಬರೆದು ಮುಂದೆ ಹೋಗುತ್ತಿದ್ದರು. ಇಂಟರ್ನೆಟ್‌ಗೆ ಮೂಲವಾದ ಆರ್ಪಾನೆಟ್ ಜಾಲದ 1970ರ ದಶಕದ ನಕ್ಷೆಗಳಲ್ಲೇ ಈ ರೂಢಿ ಕಾಣುತ್ತದೆ. ‘ಇದರೊಳಗೆ ಏನಿದೆ ಎಂಬುದು ಈ ನಕ್ಷೆಯ ವಿಷಯವಲ್ಲ’ ಎನ್ನುವುದಷ್ಟೇ ಆ ಆಕಾರದ ಅರ್ಥವಾಗಿತ್ತು. ಒಳಗಿರುವುದು ಭದ್ರವಾಗಿದೆ ಎಂದಾಗಲಿ, ಅದಕ್ಕೆ ಇನ್ನೊಂದು ಪ್ರತಿ ಇದೆ ಎಂದಾಗಲಿ ಅದು ಎಂದೂ ಹೇಳಿರಲಿಲ್ಲ. 1996ರಲ್ಲಿ ಕಂಪ್ಯೂಟರ್ ತಯಾರಿಸುತ್ತಿದ್ದ ಕಾಂಪ್ಯಾಕ್ ಕಂಪನಿಯ ಆಂತರಿಕ ದಾಖಲೆಯೊಂದರಲ್ಲಿ ‘ಕ್ಲೌಡ್ ಕಂಪ್ಯೂಟಿಂಗ್’ ಎಂಬ ಜೋಡುಪದ ಬಂತು. 2006ರ ಆಗಸ್ಟ್‌ನಲ್ಲಿ ಗೂಗಲ್‌ನ ಅಂದಿನ ಮುಖ್ಯಸ್ಥ ಎರಿಕ್ ಸ್ಮಿತ್ ಸಮ್ಮೇಳನವೊಂದರಲ್ಲಿ ಅದನ್ನು ಬಳಸಿದ ಮೇಲೆ ಜಗತ್ತಿನ ಬಾಯಲ್ಲಿ ನಿಂತಿತು. ಆ ವರ್ಷದ ಮಾರ್ಚ್‌ನಲ್ಲಿ ಅಮೆಜಾನ್ ‘ಎಸ್‌3’ ಎಂಬ ಸಂಗ್ರಹ ಸೇವೆಯನ್ನು, ಆಗಸ್ಟ್‌ನಲ್ಲಿ ಬಾಡಿಗೆ ಕಂಪ್ಯೂಟರ್ ಸೇವೆಯಾದ ‘ಇಸಿ2’ವನ್ನು ತೆರೆದಿತ್ತು. ಆ್ಯಪ್‌ಗಳನ್ನು ನಡೆಸಿಕೊಡುವ ಗೂಗಲ್‌ನ ಸೇವೆ ‘ಆ್ಯಪ್ ಎಂಜಿನ್’ ಬಂದದ್ದು 2008ರಲ್ಲಿ. ಮೈಕ್ರೋಸಾಫ್ಟ್‌ನ ಅಜೂರ್ ಅದೇ ವರ್ಷ ಘೋಷಣೆಯಾಗಿ 2010ರಲ್ಲಿ ಮಾರಾಟಕ್ಕೆ ಬಂತು.

ಗೊಂದಲ ಹೆಚ್ಚಿದಾಗ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2011ರಲ್ಲಿ ಒಂದು ವ್ಯಾಖ್ಯೆ ಕೊಟ್ಟಿತು. ಇಂದಿಗೂ ಅದಕ್ಕಿಂತ ಒಳ್ಳೆಯದನ್ನು ನಾನು ಓದಿಲ್ಲ. ಬೇಕಾದಾಗ ಯಾರನ್ನೂ ಕೇಳದೆ ತಾನೇ ಪಡೆಯಬಹುದು, ಜಾಲದ ಮೂಲಕ ಎಲ್ಲಿಂದಲೂ ಬಳಸಬಹುದು, ಒಂದೇ ಯಂತ್ರಸಮೂಹವನ್ನು ಹಲವರು ಹಂಚಿಕೊಳ್ಳುತ್ತಾರೆ, ಬೇಗ ಹಿಗ್ಗಿಸಬಹುದು ಮತ್ತು ಕುಗ್ಗಿಸಬಹುದು, ಬಳಸಿದ್ದಕ್ಕೆ ಅಳತೆ ಇರುತ್ತದೆ. ಈ ಐದು ಗುಣಗಳಿದ್ದರೆ ಅದು ಕ್ಲೌಡ್. ಐದರಲ್ಲಿ ಬ್ಯಾಕಪ್ ಎಂಬ ಗುಣವಿಲ್ಲ. ಹಿಗ್ಗಿಸುವ, ಕುಗ್ಗಿಸುವ ಗುಣವೇ ನಮ್ಮ ಜಿಲ್ಲೆಗಳಿಗೆ ನಿಜವಾಗಿ ಬೇಕಾದದ್ದು. ನವೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು, ತೂಕ, ಕೂಲಿ ಬಟವಾಡೆ, ಪಾರ್ಚ್‌ಮೆಂಟ್ ಮತ್ತು ಚೆರ್ರಿ ಕಾಫಿಯ ಲೆಕ್ಕ ಎಲ್ಲವೂ ಒಟ್ಟಿಗೆ ಬೀಳುತ್ತವೆ, ಜುಲೈನ ಮಳೆಯಲ್ಲಿ ಅದೇ ಯಂತ್ರಕ್ಕೆ ಹೆಚ್ಚು ಕೆಲಸವಿರುವುದಿಲ್ಲ. ಕೊಯ್ಲಿನ ತಿಂಗಳುಗಳಿಗೆ ದೊಡ್ಡ ಯಂತ್ರ ಪಡೆದು ಮಳೆಗಾಲಕ್ಕೆ ಚಿಕ್ಕದಕ್ಕೆ ಇಳಿಯುವವರು ಕ್ಲೌಡನ್ನು ಅರ್ಥಮಾಡಿಕೊಂಡವರು. ವರ್ಷವಿಡೀ ಒಂದೇ ಗಾತ್ರದ ಯಂತ್ರಕ್ಕೆ ಗಂಟೆಯ ದರದಲ್ಲಿ ಬಾಡಿಗೆ ತೆರುವವರು ಹಣ ಕಳೆಯುತ್ತಿದ್ದಾರೆ.

ಬ್ಯಾಕಪ್ ಎಂದರೇನು? ಮೂಲದ ಪ್ರತಿ ಹಾಳಾದರೂ, ಅಳಿಸಿಹೋದರೂ, ಯಾರಾದರೂ ಬೇಕೆಂದೇ ಕೆಡಿಸಿದರೂ ಅದರ ಜೊತೆಗೆ ತಾನೂ ಹಾಳಾಗದ ಇನ್ನೊಂದು ಪ್ರತಿ. ‘ಜೊತೆಗೆ ಹಾಳಾಗದ’ ಎಂಬ ಷರತ್ತನ್ನೇ ಎಲ್ಲರೂ ಮರೆಯುತ್ತಾರೆ. ಗೂಗಲ್ ಡ್ರೈವ್ ಲ್ಯಾಪ್‌ಟಾಪ್‌ನ ಫೋಲ್ಡರಿನೊಂದಿಗೆ ಸಿಂಕ್ ಆಗಿದ್ದರೆ, ಲ್ಯಾಪ್‌ಟಾಪ್‌ನಲ್ಲಿ ಅಳಿಸಿದ ಕಡತ ಡ್ರೈವ್‌ನಲ್ಲೂ ಅಳಿಯುತ್ತದೆ, 30 ದಿನ ಕಸದ ಬುಟ್ಟಿಯಲ್ಲಿದ್ದು ನಂತರ ಪೂರ್ತಿ ಹೋಗುತ್ತದೆ. ವೈರಸ್ ಒಂದು ಕಡತಗಳಿಗೆ ಬೀಗ ಹಾಕಿದರೆ ಬೀಗ ಬಿದ್ದ ಕಡತವೇ ಮೇಲಕ್ಕೂ ಹೋಗುತ್ತದೆ. ಸಿಂಕ್ ಮಾಡಿದ್ದನ್ನು ಬ್ಯಾಕಪ್ ಎಂದು ಕರೆಯುವುದನ್ನು ದಯವಿಟ್ಟು ನಿಲ್ಲಿಸಬೇಕು.

ಡ್ರೈವ್‌ನ ಮಾತು ಬಿಟ್ಟು ದೊಡ್ಡ ವೇದಿಕೆಗಳಿಗೆ ಬಂದರೂ ಕಥೆ ಹೆಚ್ಚು ಬೇರೆಯಲ್ಲ. ಅಮೆಜಾನ್‌ನ ಬಾಡಿಗೆ ಕಂಪ್ಯೂಟರಿನ ಡಿಸ್ಕ್‌ಗೆ ಪ್ರತಿಗಳಿರುತ್ತವೆ ನಿಜ, ಆದರೆ ಅವೆಲ್ಲ ಒಂದೇ ‘ಜೋನ್’ನೊಳಗೆ, ಅಂದರೆ ಒಂದೇ ಕಡೆಯ ಡೇಟಾ ಸೆಂಟರ್ (ಸರ್ವರ್‌ಗಳನ್ನು ಇಟ್ಟ ಕಟ್ಟಡ) ಗುಂಪಿನೊಳಗೆ. ಅಜೂರ್‌ನ ಅಗ್ಗದ ಆಯ್ಕೆಯಲ್ಲಿ ಮೂರು ಪ್ರತಿಗಳಿದ್ದರೂ ಮೂರೂ ಒಂದೇ ಡೇಟಾ ಸೆಂಟರ್‌ನಲ್ಲಿ. ಗೂಗಲ್‌ನ ಸಾಮಾನ್ಯ ಡಿಸ್ಕ್ ಕೂಡ ಒಂದು ಜೋನ್‌ಗೇ ಸೀಮಿತ. ಈ ಪ್ರತಿಗಳು ಯಂತ್ರ ಕೆಟ್ಟರೆ ಕಾಯುತ್ತವೆ, ನೀವು ತಪ್ಪು ಗುಂಡಿ ಒತ್ತಿದರೆ ಕಾಯುವುದಿಲ್ಲ. ಅಮೆಜಾನ್‌ನಲ್ಲಿ ಬಾಡಿಗೆ ಕಂಪ್ಯೂಟರನ್ನು ‘ಟರ್ಮಿನೇಟ್’ ಮಾಡಿದರೆ, ಮೊದಲೇ ಬೇರೆ ಸೂಚನೆ ಕೊಟ್ಟಿರದಿದ್ದಲ್ಲಿ, ಅದರ ಮುಖ್ಯ ಡಿಸ್ಕ್ ಕೂಡ ಅಳಿಯುತ್ತದೆ. ಎಸ್‌3 ಸೇವೆಯ ಬಾಳಿಕೆ (ಇಟ್ಟ ಡೇಟಾ ಕಳೆದುಹೋಗದಿರುವ ಸಂಭವ) ಶೇಕಡಾ 99.999999999 ಎಂದು ಜಾಹೀರಾತಿನಲ್ಲಿ ಬರುವ ಅಂಕಿಯೂ ಹಾರ್ಡ್‌ವೇರ್ ಕೆಡುವ ಲೆಕ್ಕದ್ದು. ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುವ ಸೌಲಭ್ಯ ಅಲ್ಲಿ ತಾನಾಗಿ ಚಾಲೂ ಇರುವುದಿಲ್ಲ, ನೀವೇ ಚಾಲೂ ಮಾಡಬೇಕು.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ ಇಟ್ಟುಕೊಳ್ಳದ ಗ್ರಾಹಕರ ಡೇಟಾ ಮತ್ತೆ ಸಿಗಲಿಲ್ಲ. ಬ್ಯಾಕಪ್ ಸೇವೆಗೆಂದೇ ಹಣ ಕೊಟ್ಟಿದ್ದ ಕೆಲವರ ಪ್ರತಿಯೂ ಅದೇ ಜಾಗದಲ್ಲಿ ಇದ್ದದ್ದರಿಂದ ಅದೂ ಹೋಯಿತು, ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್‌ನ ಖಾಸಗಿ ಕ್ಲೌಡ್ ಗೂಗಲ್‌ನ ಕಡೆಯ ಒಂದು ತಪ್ಪು ಸಂರಚನೆಯಿಂದ ಅಳಿಸಿಹೋಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ದಿನಗಟ್ಟಲೆ ಖಾತೆ ತೆರೆಯಲಾಗಲಿಲ್ಲ. ಬೇರೊಂದು ಕಂಪನಿಯ ಬಳಿಯೂ ಬ್ಯಾಕಪ್ ಇಟ್ಟಿದ್ದದ್ದು ಅವರ ನೆರವಿಗೆ ಬಂತು. ಇಷ್ಟು ದೊಡ್ಡ ಸಂಸ್ಥೆಗೆ ಬೇಕಾದ ಎಚ್ಚರ ಹಾಸನದ ಮಂಡಿಗೆ ಬೇಡವೇ?

ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಮೂರೂ ಕಂಪನಿಗಳು ಹೊಣೆಯ ಹಂಚಿಕೆಯನ್ನು ತಮ್ಮ ಷರತ್ತುಗಳಲ್ಲಿ ಬಿಚ್ಚಿ ಬರೆದಿವೆ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ತಮ್ಮ ಕಾಫಿ ಕಳಿಸಿದ ಬೆಳೆಗಾರರಿಗೆ ಇದು ಬೇಗ ತಿಳಿಯುತ್ತದೆ: ಗೋದಾಮು, ಯಂತ್ರ, ಕಾವಲು ಅವರದು, ಕಾಫಿ ನಿಮ್ಮದು, ಯಾರಿಗೆ ಬಿಡುಗಡೆ ಮಾಡಬೇಕೆಂಬ ಪತ್ರಕ್ಕೆ ಸಹಿ ಹಾಕುವವರೂ ನೀವೇ. ಕ್ಲೌಡ್‌ನಲ್ಲಿಯೂ ಕಟ್ಟಡ, ವಿದ್ಯುತ್, ಯಂತ್ರ ಅವರದು. ಡೇಟಾ, ಪಾಸ್‌ವರ್ಡ್, ಯಾರಿಗೆ ಪ್ರವೇಶ, ಎಷ್ಟು ದಿನಕ್ಕೊಮ್ಮೆ ಪ್ರತಿ ಎಂಬುದೆಲ್ಲ ನಿಮ್ಮದು.

ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇದು ಕಾನೂನಿನ ಮಾತೂ ಹೌದು. ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಎಲೆಕ್ಟ್ರಾನಿಕ್ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದೊಳಗೇ ಇರುವ ಸರ್ವರ್‌ನಲ್ಲಿ ಪ್ರತಿದಿನವೂ ಇರಬೇಕು. ಮೊದಲು ‘ನಿಯತಕಾಲಿಕವಾಗಿ’ ಎಂದಿದ್ದದ್ದು ‘ಪ್ರತಿದಿನ’ ಆಯಿತು. ಲೆಕ್ಕಪುಸ್ತಕ ಬೇರೆ, ಬ್ಯಾಕಪ್ ಬೇರೆ ಎಂದು ಕಾನೂನೇ ಎರಡು ಪದ ಬಳಸುತ್ತಿರುವಾಗ ಕೊಟೇಶನ್ ಬರೆಯುವವರು ಎರಡನ್ನೂ ಒಂದು ಮಾಡುವುದನ್ನು ಒಪ್ಪಲಾಗದು.

ಇಷ್ಟು ತಿಳಿದ ಮೇಲೆ ಹೋಲಿಕೆ ಸುಲಭ. ಅಮೆಜಾನ್‌ಗೆ ಮುಂಬೈ ಮತ್ತು ಹೈದರಾಬಾದ್‌ನಲ್ಲಿ, ಗೂಗಲ್‌ಗೆ ಮುಂಬೈ ಮತ್ತು ದೆಹಲಿಯಲ್ಲಿ, ಅಜೂರ್‌ಗೆ ಪುಣೆ, ಚೆನ್ನೈ ಮತ್ತು ಮುಂಬೈಯಲ್ಲಿ ಡೇಟಾ ಸೆಂಟರ್‌ಗಳು ಇವೆ. ಅಂದರೆ ಮೂರರಲ್ಲೂ ಮೂಲವನ್ನು ಒಂದು ಊರಿನಲ್ಲಿ, ಬ್ಯಾಕಪ್ಪನ್ನು ಇನ್ನೊಂದು ಊರಿನಲ್ಲಿ, ಎರಡನ್ನೂ ದೇಶದೊಳಗೇ ಇಡಬಹುದು. ಕಚೇರಿಯಲ್ಲಿ ಈಗಾಗಲೇ ಮೈಕ್ರೋಸಾಫ್ಟ್‌ನ ವಿಂಡೋಸ್ ಸರ್ವರ್, ಎಸ್‌ಕ್ಯೂಎಲ್ ಸರ್ವರ್ ಲೈಸೆನ್ಸ್‌ಗಳಿದ್ದರೆ ಅಜೂರ್ ಕಡೆಗೆ ಹೋಗುವುದು ಸರಿ, ಅರ್ಹ ಲೈಸೆನ್ಸ್‌ಗಳಿಗೆ ಅಲ್ಲಿ ರಿಯಾಯಿತಿ ಇದೆ. ಸೇವೆಗಳ ವೈವಿಧ್ಯದಲ್ಲಿ ಮತ್ತು ಕೆಲಸ ಬಲ್ಲವರು ಸುಲಭವಾಗಿ ಸಿಗುವುದರಲ್ಲಿ ಅಮೆಜಾನ್ ಮುಂದೆ. ವರ್ಷಗಟ್ಟಲೆಯ ಮಾರಾಟದ ದಾಖಲೆಯನ್ನು ಜಾಲಾಡಿ ನೋಡುವ ಕೆಲಸವಿದ್ದರೆ ಗೂಗಲ್‌ನ ಬಿಗ್‌ಕ್ವೆರಿ ನನ್ನ ಆಯ್ಕೆ. ಬರೀ ಟ್ಯಾಲಿ ಮತ್ತು ನಾಲ್ಕು ಕಡತಗಳಿರುವ ಅಂಗಡಿಗೆ ಮೂರೂ ಬೇಡ, ಬ್ಯಾಕಪ್ ಮಾತ್ರ ಬೇಕು.

ದರಪಟ್ಟಿಯಲ್ಲಿ ಒಂದು ಸಾಲನ್ನು ಮಾತ್ರ ತಪ್ಪದೆ ಓದಿ. ಡೇಟಾ ಒಳಗೆ ಹಾಕುವುದಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ, ಉಚಿತ ಮಿತಿ ದಾಟಿದ ಮೇಲೆ ಹೊರಗೆ ತೆಗೆಯುವುದಕ್ಕೆ ಇದೆ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಬ್ಯಾಕಪ್ಪನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಕಳಿಸುವುದಕ್ಕೂ ಶುಲ್ಕ ಬೀಳುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಮೂರು ತಿಂಗಳಿಗೊಮ್ಮೆಯಾದರೂ ಬ್ಯಾಕಪ್‌ನಿಂದ ಒಂದು ದಿನದ ಲೆಕ್ಕವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ಬ್ಯಾಕಪ್ ಎಂದು ಎಣಿಸಬಾರದು. ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗೆ ಮರ ಬಿದ್ದು ಕರೆಂಟ್ ಮತ್ತು ಫೈಬರ್ ಒಟ್ಟಿಗೆ ಹೋಗುವ ದಿನಗಳಿಗಾಗಿ ವಾರಕ್ಕೊಮ್ಮೆ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕ್‌ಗೂ ಇಳಿಸಿ, ಇಳಿಸಿದ ಮೇಲೆ ಅದನ್ನು ಕಂಪ್ಯೂಟರಿನಿಂದ ಕಳಚಿ ಬೇರೆ ಕಟ್ಟಡದಲ್ಲಿ ಇಡಿ.