ಬೆಳಗಿನ ಬಡಿತಕ್ಕೆ ಎಂಜಿನ್ ಬಿಚ್ಚುವ ಮುನ್ನ

ತಣ್ಣಗಿದ್ದಾಗ ಮಾತ್ರ ಬಡಿಯುವ ಎಂಜಿನ್ನಿನ ದೋಷ ಹಿಡಿಯಬೇಕಾದರೆ ಲಾರಿ ರಾತ್ರಿಯಿಡೀ ಗ್ಯಾರೇಜಿನಲ್ಲೇ ನಿಂತಿರಬೇಕು. ಮನೆಯಲ್ಲಿ ಸ್ಟಾರ್ಟ್ ಮಾಡಿ, ಹತ್ತು ಹದಿನೈದು ಕಿಲೋಮೀಟರ್ ಓಡಿಸಿಕೊಂಡು ಬಂದು “ಸ್ವಲ್ಪ ಕೇಳಿ ನೋಡಿ” ಅಂದರೆ ಕೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ಆಗ ಊಹೆ ಶುರುವಾಗುತ್ತದೆ. ಊಹೆ ಹೆಚ್ಚಾಗಿ “ಬೋರ್ (ಸಿಲಿಂಡರಿನ ಒಳಗೋಡೆ) ಹೋಗಿದೆ, ಎಂಜಿನ್ ಇಳಿಸೋಣ” ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಒಂದೇ ಲಾರಿಯನ್ನು ನಂಬಿದ ಮನೆಗೆ ಅದು ವಾರಗಟ್ಟಲೆ ದುಡಿಮೆ ಇಲ್ಲದ ಹಾಗೆ, ಮೇಲೆ ಸಾಲ ಬೇರೆ. ನನಗೆ ಸಂಕಟವಾಗುವುದು ಇದಕ್ಕೇ. ಈ ಬಡಿತಗಳಲ್ಲಿ ಎಷ್ಟೋ ಎಂಜಿನ್ನಿನ ಒಳಭಾಗಕ್ಕೆ ಸಂಬಂಧಿಸಿದವೇ ಅಲ್ಲ.

ಟಾಟಾ 1210ರಂಥ ಹಳೆಯ ಲಾರಿಯ 697 ಎಂಜಿನ್ ತೆಗೆದುಕೊಳ್ಳಿ. ಆರು ಸಿಲಿಂಡರ್. ಸ್ಟಾರ್ಟ್ ಮಾಡುವಾಗ ಒಳಗೆ ಬಿಸಿ ಕೊಡುವ ಹೀಟರ್ ಪ್ಲಗ್ ಇಲ್ಲ. ಡೀಸೆಲ್ ಹೊತ್ತಿಕೊಳ್ಳಲು ಬೇಕಾದ ಬಿಸಿಯೆಲ್ಲ ಗಾಳಿಯನ್ನು ಒತ್ತುವುದರಿಂದಲೇ ಹುಟ್ಟಬೇಕು. ಚಳಿಗಾಲದ ಬೆಳಿಗ್ಗೆ ಬೀದರ್‌ನಲ್ಲೋ ಮಡಿಕೇರಿಯಲ್ಲೋ ಲೈನರ್ (ಪಿಸ್ಟನ್ ಓಡಾಡುವ ಕೊಳವೆ), ಹೆಡ್ಡು (ಅದರ ಮೇಲಿನ ಮುಚ್ಚಳ) ಎಲ್ಲ ತಣ್ಣಗಿರುವಾಗ ಆ ಬಿಸಿಯನ್ನು ಲೋಹವೇ ಹೀರಿಬಿಡುತ್ತದೆ. ನಾಜಲ್ ಸಿಂಪಡಿಸಿದ ಡೀಸೆಲ್ ಹೊತ್ತಿಕೊಳ್ಳುವುದು ತಡವಾಗುತ್ತದೆ, ಅಷ್ಟರಲ್ಲಿ ಇನ್ನಷ್ಟು ಡೀಸೆಲ್ ಬಂದು ಸೇರಿರುತ್ತದೆ. ಕೊನೆಗೆ ಎಲ್ಲವೂ ಒಟ್ಟಿಗೆ ಉರಿದು ಒತ್ತಡ ಒಮ್ಮೆಲೇ ಏರಿದಾಗ ಪಿಸ್ಟನ್ ತಲೆಯ ಮೇಲೆ ಬೀಳುವ ಏಟೇ ಆ ಸದ್ದು. ಆರೂ ಸಿಲಿಂಡರ್‌ಗಳಿಂದ ಸಮವಾಗಿ ಬಂದು ಒಂದೆರಡು ನಿಮಿಷದಲ್ಲಿ ತಗ್ಗಿದರೆ ಚಿಂತೆ ಬೇಡ. ಒಂದೇ ಕಡೆಯಿಂದ ಬಂದರೆ, ಅಥವಾ ಹಿಂದೆಂದೂ ಇಲ್ಲದ್ದು ಈಚೆಗೆ ಶುರುವಾಗಿದ್ದರೆ ಹುಡುಕಬೇಕು.

ಮೊದಲು ಏರ್ ಕಂಪ್ರೆಸರ್ ನೋಡಿ. ಇದನ್ನು ಬಹಳ ಮಂದಿ ಮರೆಯುತ್ತಾರೆ. ಏರ್ ಬ್ರೇಕ್ ಇರುವ ಲಾರಿಯ ಟ್ಯಾಂಕು ರಾತ್ರಿ ಲೀಕಾಗಿ ಖಾಲಿಯಾಗಿರುತ್ತದೆ. ಬೆಳಿಗ್ಗೆ ಎಂಜಿನ್ ಎದ್ದ ಕ್ಷಣದಿಂದ ಕಂಪ್ರೆಸರ್ ಪೂರ್ತಿ ಭಾರ ಹೊತ್ತು ದುಡಿಯುತ್ತದೆ. ಅದಕ್ಕೂ ಪಿಸ್ಟನ್ ಇದೆ, ಕನೆಕ್ಟಿಂಗ್ ರಾಡ್ ಇದೆ, ಬೇರಿಂಗ್ ಇದೆ. ಅದು ಸವೆದಿದ್ದರೆ ಥೇಟ್ ಎಂಜಿನ್ನಿನ ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ತುದಿ) ಬಡಿದ ಹಾಗೆಯೇ ಬಡಿಯುತ್ತದೆ. ಒತ್ತಡ ಸುಮಾರು 7-8 ಬಾರ್ ಮುಟ್ಟಿ ಅನ್‌ಲೋಡರ್ ತೆರೆದು ಕಂಪ್ರೆಸರಿನ ಭಾರ ಇಳಿದ ಕೂಡಲೇ ಸದ್ದು ನಿಲ್ಲುತ್ತದೆ, ಎಂಜಿನ್ ಬಿಸಿಯಾಗಿದ್ದಕ್ಕೆ ನಿಂತಿತು ಎಂದು ನಾವು ಅಂದುಕೊಳ್ಳುತ್ತೇವೆ. ಪರೀಕ್ಷೆ ಸುಲಭ: ಮಧ್ಯಾಹ್ನ ಎಂಜಿನ್ ಚೆನ್ನಾಗಿ ಕಾದಿರುವಾಗ, ಲಾರಿಯ ಚಕ್ರಗಳಿಗೆ ಕಲ್ಲು ಕೊಟ್ಟು, ಟ್ಯಾಂಕಿನ ಗಾಳಿ ಪೂರ್ತಿ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಅದೇ ಬಡಿತ ಮರಳಿ ಬಂದರೆ ಎಂಜಿನ್ ಮುಟ್ಟುವ ಅಗತ್ಯವೇ ಇಲ್ಲ.

ಇನ್ನು ಡೀಸೆಲ್ ದಾರಿ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ವಾಲ್ವ್ ಸವೆದಿದ್ದರೆ ರಾತ್ರಿ ಡೀಸೆಲ್ ಟ್ಯಾಂಕಿಗೆ ಹಿಂದಿರುಗಿ ಪೈಪಿನಲ್ಲಿ ಗಾಳಿ ನಿಲ್ಲುತ್ತದೆ. ಮರುದಿನ ಸೆಲ್ಫ್ ಹೊಡೆಯುವ ಮುಂಚೆ ಹ್ಯಾಂಡ್ ಪ್ರೈಮರ್ (ಪೈಪಿಗೆ ಡೀಸೆಲ್ ತುಂಬುವ ಕೈಪಂಪು) ಗಟ್ಟಿಯಾಗುವವರೆಗೆ ಒತ್ತಿ ನೋಡಿ. ಬಡಿತ ತಗ್ಗಿದರೆ ಕಾರಣ ಸಿಕ್ಕಂತೆ. ಬ್ಯಾಟರಿ ಸೋತು ಸೆಲ್ಫ್ ನಿಧಾನಕ್ಕೆ ತಿರುಗಿದರೂ ಗಾಳಿ ಸಾಕಷ್ಟು ಬಿಸಿಯಾಗುವುದಿಲ್ಲ. ಸೀಮೆಎಣ್ಣೆ ಬೆರೆತ ಡೀಸೆಲ್‌ನಲ್ಲಿ ಸೀಟೇನ್ (ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದರ ಅಳತೆ) ಕಡಿಮೆ, ಅದೂ ತಡವಾಗಿ ಹೊತ್ತಿಕೊಳ್ಳುತ್ತದೆ. ಬಿಎಸ್-6 ಡೀಸೆಲ್‌ಗೆ ಸೀಟೇನ್ ಸಂಖ್ಯೆ ಕನಿಷ್ಠ 51 ಇರಬೇಕೆಂಬುದು ನಿಯಮ.

ಬಡಿಯುವ ಸಿಲಿಂಡರ್ ಯಾವುದು ಎಂದು ತಿಳಿಯಲು, ಎಂಜಿನ್ ತಣ್ಣಗೆ ಐಡಲ್‌ನಲ್ಲಿರುವಾಗ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಸಡಿಲಿಸಿ, ಆ ಸಿಲಿಂಡರಿಗೆ ಡೀಸೆಲ್ ಹೋಗುವುದು ನಿಲ್ಲುತ್ತದೆ. ಕೈಗವಸು, ಕನ್ನಡಕ ಬೇಕೇ ಬೇಕು, ನಟ್ಟಿನ ಮೇಲೆ ಬಟ್ಟೆ ಇರಲಿ. ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋದರೆ ಬೆರಳೇ ಹೋಗಬಹುದು. ಕಾಮನ್ ರೈಲ್ ಇರುವ ಹೊಸ ಗಾಡಿಗಳಲ್ಲಿ ಈ ಪರೀಕ್ಷೆ ಮಾಡಲೇಬೇಡಿ, ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ನಟ್ಟು ಸಡಿಲಿಸಿದಾಗ ಚೂಪಾದ ಬಡಿತ ಪೂರ್ತಿ ಮಾಯವಾದರೆ ಮೊದಲ ಅನುಮಾನ ಆ ನಾಜಲ್ ಮೇಲೆ. ಅದನ್ನು ಟೆಸ್ಟರ್‌ಗೆ ಹಾಕಿ ತೊಟ್ಟಿಕ್ಕುತ್ತದೆಯೇ, ಕಡಿಮೆ ಒತ್ತಡಕ್ಕೇ ತೆರೆಯುತ್ತದೆಯೇ ನೋಡಬೇಕು. ನಾಜಲ್ ತೆಗೆದಾಗ ಕೆಳಗಿನ ತಾಮ್ರದ ವಾಷರನ್ನೂ ಎಣಿಸಿ. ಹಳೆಯದು ಗುಂಡಿಯಲ್ಲೇ ಅಂಟಿಕೊಂಡಿದ್ದು ಅದರ ಮೇಲೆ ಹೊಸದು ಕೂತಿದ್ದರೆ ನಾಜಲ್ ಮೇಲೇರಿ ಸಿಂಪಡಿಕೆಯ ಜಾಗವೇ ತಪ್ಪಿರುತ್ತದೆ.

ಆರೂ ಸಿಲಿಂಡರ್ ಒಂದೇ ಸಮ ಗಡುಸಾಗಿ ಬಡಿದರೆ ಪಂಪ್ ಟೈಮಿಂಗ್ (ಪಂಪ್ ಡೀಸೆಲ್ ತಳ್ಳುವ ಹೊತ್ತು) ನೋಡಿ. “ಪಿಕಪ್ ಬರಲಿ” ಎಂದು ಪಂಪನ್ನು ಮುಂದಕ್ಕೆ ತಿರುಗಿಸುವ ಚಾಳಿ ನಮ್ಮಲ್ಲಿ ಹಳೆಯದು. ಮುಂಚೆಯೇ ಬಿದ್ದ ಡೀಸೆಲ್‌ಗೆ ಸಿಗುವುದು ಇನ್ನೂ ಸಾಕಷ್ಟು ಬಿಸಿಯಾಗದ ಗಾಳಿ, ಏಟು ಇನ್ನಷ್ಟು ಜೋರು. ಬೆಂಗಳೂರಿನ ಆಡುಗೋಡಿಯ ಮೈಕೋದಲ್ಲಿ ತಯಾರಾದಂಥ ಇನ್‌ಲೈನ್ ಪಂಪಿಗೆ ಕಂಪ್ಯೂಟರ್ ಬೇಡ. ಒಂದನೇ ಡೆಲಿವರಿ ವಾಲ್ವ್ ತೆಗೆದು ಬಾಗಿದ ಪೈಪ್ ಕೂರಿಸಿ, ಫ್ಲೈವೀಲನ್ನು ನಿಧಾನವಾಗಿ ತಿರುಗಿಸಿ, ಡೀಸೆಲ್ ತೊಟ್ಟಿಕ್ಕುವುದು ನಿಲ್ಲುವ ಕ್ಷಣದಲ್ಲಿ ಗುರುತು ಎಲ್ಲಿದೆ ನೋಡಿದರೆ ಸಾಕು. ಡಿಗ್ರಿ ಎಷ್ಟೆಂದು ಆ ಎಂಜಿನ್ನಿನ ಪುಸ್ತಕದಿಂದಲೇ ತೆಗೆದುಕೊಳ್ಳಿ, ಪಕ್ಕದ ಲಾರಿಯದ್ದಲ್ಲ.

ಇದೆಲ್ಲ ಸರಿಯಿದ್ದೂ ಸದ್ದು ಉಳಿದರೆ ಮಾತ್ರ ಒಳಗಿನ ಮಾತು. ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಲೈನರ್‌ಗಿಂತ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಸವೆದ ಪಿಸ್ಟನ್ನಿನ ಟೊಳ್ಳು ಸದ್ದು ಬಿಸಿಯಾದಂತೆ ಕರಗುತ್ತದೆ. ಬ್ಯಾಕ್ ಕಂಪ್ರೆಶನ್ (ಪಿಸ್ಟನ್ ಪಕ್ಕದಿಂದ ಒತ್ತಡ ಕೆಳಕ್ಕೆ ಸೋರುವುದು), ನೀಲಿ ಹೊಗೆ, ಆಯಿಲ್ ಖರ್ಚು ಇಲ್ಲದಿದ್ದರೆ ಆ ಲಾರಿಯನ್ನು ಇನ್ನೂ ಬಹಳ ದಿನ ಓಡಿಸಬಹುದು. ಬೇರಿಂಗ್ ಸದ್ದು ಇದಕ್ಕೆ ತಿರುವುಮುರುವು: ಆಯಿಲ್ ತೆಳುವಾದಂತೆ, ಭಾರ ಬಿದ್ದಂತೆ ಜಾಸ್ತಿಯಾಗುತ್ತದೆ. ಬೆಳಿಗ್ಗೆ ಪ್ರೆಶರ್ ಮುಳ್ಳು ಮೇಲೇಳುವವರೆಗೆ ಮಾತ್ರ ಆಳದಿಂದ ಬಡಿದು ನಿಂತು, ಘಾಟಿ ಹತ್ತುವಾಗ ಮತ್ತೆ ಕಾಣಿಸಿಕೊಂಡರೆ ಲಾರಿ ನಿಲ್ಲಿಸಿ. ಆಗಲೂ ಹೆಡ್ಡಿಗೆ ಕೈ ಹಾಕಬೇಡಿ. ಸಂಪ್ (ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿ) ಇಳಿಸಿ, ತಳದಲ್ಲಿ ಲೋಹದ ಪುಡಿ ಇದೆಯೇ ನೋಡಿ, ಬಿಗ್ ಎಂಡ್ ಕ್ಯಾಪುಗಳನ್ನು ಒಂದೊಂದಾಗಿ ತೆಗೆದು ಬೇರಿಂಗ್ ಪರೀಕ್ಷಿಸಿ. ಕ್ರ್ಯಾಂಕ್ ಗೀಚಿರದಿದ್ದರೆ ಎಂಜಿನ್ ಚಾಸಿಯ ಮೇಲೆ ಇರುವಂತೆಯೇ ಕೆಲಸ ಮುಗಿಸಬಹುದು.