ನಷ್ಟಪರಿಹಾರ: ಇದು ಸಹಾಯಧನ ಅಲ್ಲ

ಹಕ್ಕಿಜ್ವರದ ಸುದ್ದಿ ಬಂದಾಗೆಲ್ಲ ‘ಕೋಳಿ ಸಾಕಣೆದಾರರಿಗೆ ಸರ್ಕಾರದ ನೆರವು’ ಎಂಬ ಸಾಲು ಕಣ್ಣಿಗೆ ಬೀಳುತ್ತದೆ. ಕೊರೊನಾ ಕಾಲದಲ್ಲಿ ಕ್ವಾರಂಟೈನ್‌ಗೆಂದು ಹೋಟೆಲ್, ಹಾಸ್ಟೆಲ್‌ ತೆಗೆದುಕೊಂಡಾಗಲೂ ಇದೇ ಮಾತು. ದಯವಿಟ್ಟು ಇದನ್ನು ‘ನೆರವು’ ಎನ್ನುವುದನ್ನು ನಿಲ್ಲಿಸಬೇಕು. ಸರ್ಕಾರ ಒಬ್ಬರ ಸ್ವತ್ತನ್ನು ತಾನೇ ತೆಗೆದುಕೊಂಡು, ಅಥವಾ ತಾನೇ ನಾಶ ಮಾಡಿ, ಅದಕ್ಕೆ ಕೊಡುವ ಹಣ ನಷ್ಟಪರಿಹಾರ.

ಗೊಂದಲದ ಬೇರು ‘ಪರಿಹಾರ’ದಲ್ಲೇ ಇದೆ. ಸಂಸ್ಕೃತದ ‘ಹೃ’ ಅಂದರೆ ಒಯ್ಯುವುದು, ತೆಗೆಯುವುದು. ಪರಿಹಾರ ಅಂದರೆ ದೂರ ಮಾಡುವುದು. ದೋಷ ಪರಿಹಾರ, ಸಮಸ್ಯೆಗೆ ಪರಿಹಾರ ಎಲ್ಲ ಹೀಗೇ ಬಂದವು. ನಮ್ಮ ಹಳೆಯ ಶಾಸನಗಳಲ್ಲಿ ‘ಸರ್ವಬಾಧಾ ಪರಿಹಾರ’ ಎಂಬ ಮಾತು ಪದೇ ಪದೇ ಸಿಗುತ್ತದೆ. ದಾನ ಕೊಟ್ಟ ಭೂಮಿಗೆ ತೆರಿಗೆ ಇಲ್ಲ, ಯಾರ ಕಾಟವೂ ಇಲ್ಲ ಎಂದು ಅರಸ ಬಿಟ್ಟುಕೊಟ್ಟದ್ದು ಅದು. ಅಲ್ಲಿ ಪರಿಹಾರ ಅರಸನ ಕೃಪೆ. ಆ ಕೃಪೆಯ ವಾಸನೆ ಇನ್ನೂ ಹೋಗಿಲ್ಲ. ನೆರೆ ಪರಿಹಾರ, ಪರಿಹಾರ ನಿಧಿ ಎಂದಾಗ ಅದು ನೆರವು. ಭೂಸ್ವಾಧೀನದ ಪರಿಹಾರ ಎಂದಾಗ ಕೊಡಲೇಬೇಕಾದ ಬೆಲೆ. ಪದ ಒಂದೇ, ಹೊಣೆ ಬೇರೆ ಬೇರೆ. ಅದಕ್ಕೇ ಕೊಡಲೇಬೇಕಾದ ಹಣಕ್ಕೆ ‘ನಷ್ಟ’ ಸೇರಿಸಿ ‘ನಷ್ಟಪರಿಹಾರ’ ಎಂದು ಬರೆಯುವುದು ಒಳ್ಳೆಯದು. 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡವರ ಕುಟುಂಬಕ್ಕೆ ನಿಗದಿಯಾದ 50,000 ರೂಪಾಯಿ ನೆರವು. ಆ ಜೀವವನ್ನು ಸರ್ಕಾರ ತೆಗೆದುಕೊಂಡಿರಲಿಲ್ಲ, ಅಲ್ವಾ?

ಕಾನೂನಿನಲ್ಲೂ ಈ ಹೊಣೆ ಸುಲಭವಾಗಿ ಬರಲಿಲ್ಲ. ಮುಂಬೈ ಪ್ಲೇಗ್ ಹೊತ್ತಿನಲ್ಲಿ ಬ್ರಿಟಿಷರು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ಖರ್ಚನ್ನು ಯಾರು ಭರಿಸಬೇಕು ಎಂದು ಹೇಳುವಲ್ಲಿ ಅದು ನಷ್ಟಪರಿಹಾರದ ಮಾತನ್ನೂ ಎತ್ತುತ್ತದೆ. ಆದರೆ ‘ಏನಾದರೂ ಇದ್ದರೆ’ ಎಂದು ಸೇರಿಸುತ್ತದೆ. ಸರ್ಕಾರ ಕೊಡಲೇಬೇಕು ಎಂದು ಎಲ್ಲೂ ಇಲ್ಲ. ಅಧಿಕಾರಿಗಳ ಮೇಲೆ ಕೇಸು ಹಾಕದಂತೆ ರಕ್ಷಣೆ ಮಾತ್ರ ಸ್ಪಷ್ಟವಾಗಿದೆ.

2005ರ ವಿಪತ್ತು ನಿರ್ವಹಣಾ ಕಾಯ್ದೆ ಹಾಗಲ್ಲ. 65ನೇ ಸೆಕ್ಷನ್ ಕಟ್ಟಡ, ವಾಹನ, ಸಾಮಗ್ರಿಗಳನ್ನು ವಶಕ್ಕೆ ಪಡೆಯುವ ಅಧಿಕಾರ ಕೊಡುತ್ತದೆ. ಆದೇಶ ಬರವಣಿಗೆಯಲ್ಲೇ ಇರಬೇಕು. 66ನೇ ಸೆಕ್ಷನ್ ಲೆಕ್ಕ ಹೇಳುತ್ತದೆ. ಕಟ್ಟಡಕ್ಕೆ ಅದರ ಬಾಡಿಗೆ. ಬಾಡಿಗೆಗೆ ಕೊಟ್ಟಿರದಿದ್ದರೆ ಆ ಪ್ರದೇಶದ ಅಂಥದ್ದೇ ಕಟ್ಟಡದ ಬಾಡಿಗೆ. ಮನೆಯನ್ನೋ ವ್ಯಾಪಾರವನ್ನೋ ಬೇರೆ ಕಡೆ ಸಾಗಿಸಬೇಕಾಗಿ ಬಂದರೆ ಅದರ ನ್ಯಾಯವಾದ ಖರ್ಚೂ ಸೇರುತ್ತದೆ. ವಾಹನಕ್ಕೆ ಊರಲ್ಲಿ ನಡೆಯುವ ಬಾಡಿಗೆ ದರ. ಸಾಮಗ್ರಿಗೆ ಮಾತ್ರ ಇಂಥ ಲೆಕ್ಕ ಅಲ್ಲಿಲ್ಲ. ಇದು ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

‘ಜಪ್ತಿ’ ಎಂಬ ಪದವನ್ನೂ ಇಲ್ಲಿಗೆ ಎಳೆದು ತರುತ್ತಾರೆ. ಜಪ್ತಿ ಆಗುವುದು ಸಾಲಕ್ಕೋ ತಪ್ಪಿಗೋ. ಕಲ್ಯಾಣ ಮಂಟಪದ ಮಾಲೀಕ ಏನು ತಪ್ಪು ಮಾಡಿದ? ಇದು ತಾತ್ಕಾಲಿಕ ವಶ, ಅಷ್ಟೇ.

ಕೋಳಿಗಳ ವಿಷಯದಲ್ಲಿ ಸ್ವತ್ತು ವಾಪಸ್ ಬರುವುದೇ ಇಲ್ಲ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಕಂಡಿತು. 2020ರ ಮಾರ್ಚ್‌ನಲ್ಲಿ ಮೈಸೂರು, ದಾವಣಗೆರೆ ಜಿಲ್ಲೆಗಳಲ್ಲೂ ಬಂತು. ರೋಗ ಸಿಕ್ಕ ಜಾಗದ ಸುತ್ತಲಿನ ಆರೋಗ್ಯವಾದ ಕೋಳಿಗಳನ್ನೂ ಕೊಲ್ಲುತ್ತಾರೆ. ಹಣ ಸಿಗುವುದು ಸರ್ಕಾರ ಕೊಂದ ಕೋಳಿಗೆ. ಅದಕ್ಕೂ ಮೊದಲೇ ರೋಗದಿಂದ ಸತ್ತದ್ದಕ್ಕೆ ಇಲ್ಲ. ಖರ್ಚನ್ನು ಕೇಂದ್ರ, ರಾಜ್ಯ ಅರ್ಧರ್ಧ ಹಂಚಿಕೊಳ್ಳುತ್ತವೆ. ಇದರಲ್ಲಿ ದೊಡ್ಡ ಲಾಭ ಊರಿಗೇ. ಹಣ ಬರುತ್ತದೆ ಎಂಬ ನಂಬಿಕೆ ಇದ್ದರೆ ರೈತ ರೋಗ ಮುಚ್ಚಿಡದೆ ಬೇಗ ತಿಳಿಸುತ್ತಾನೆ. ಇಲ್ಲದಿದ್ದರೆ ರಾತ್ರೋರಾತ್ರಿ ಕೋಳಿ ಮಾರಿಬಿಡುತ್ತಾನೆ.

ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿಸಿದ್ದು 66ನೇ ಸೆಕ್ಷನ್‌ಗೆ ಬರುವುದಿಲ್ಲ. ನಷ್ಟ ನಿಜ, ಆದರೆ ಅಂಗಡಿಯನ್ನು ಸರ್ಕಾರ ಬಳಸಿಕೊಳ್ಳಲಿಲ್ಲ. ಅಲ್ಲಿ ಬಂದ ಹಣಕ್ಕೆ ನೆರವು ಎಂದೇ ಹೇಳಬಹುದು. ಕಟ್ಟಡ ಕೊಟ್ಟವರು ಮಾತ್ರ ಆದೇಶದ ಪ್ರತಿ ಇಟ್ಟುಕೊಳ್ಳಬೇಕು. ಕೊಟ್ಟ ಮೊತ್ತ ಕಡಿಮೆ ಅನ್ನಿಸಿದರೆ 30 ದಿನದೊಳಗೆ ಅರ್ಜಿ ಹಾಕಿ, ವಿಷಯವನ್ನು ಮಧ್ಯಸ್ಥಗಾರರಿಗೆ ಒಪ್ಪಿಸಿ ಎಂದು ಕೇಳಬಹುದು.